ಅಮ್ಮ ನಿಂತ ಆರು ಸೆಕೆಂಡು

ಪಾವಗಡ
೧೮ ಜನವರಿ ೨೦೨೪

ಪ್ರೀತಿಯ ಅಶ್ವಿನಿ,

ನಾನು ಸಂಘಮಿತ್ರಾ. ಕೊಡಿಗೇನಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ನಿನ್ನ ಜೊತೆ ಓದಿದವಳು. ಪೆದ್ದಣ್ಣನ ಮಗಳು ಎಂದರೆ ಬೇಗ ನೆನಪಾಗಬಹುದು. ಈಗ ಪಾವಗಡದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೋದ ತಿಂಗಳು ನಮ್ಮ ಶಾಲೆಯ ಸಹನಾ ಮೇಡಂ ಮದುವೆ ಆಲ್ಬಮ್ ತಂದು ತೋರಿಸುತ್ತಿದ್ದರು. ಹಿಂದಿನ ಪುಟದಲ್ಲಿ ಮಧುಗಿರಿಯ ಸ್ಟುಡಿಯೋ ಹೆಸರಿತ್ತು. ವಿಡಿಯೋ ತೆಗೆಯುವುದು ಗಂಡ ನವೀನ್ ಕುಮಾರ್, ಕಂಪ್ಯೂಟರ್ ಕೆಲಸವೆಲ್ಲ ಹೆಂಡತಿ, ಆಕೆ ಕೊಡಿಗೇನಹಳ್ಳಿ ತಿಮ್ಮರಾಯಪ್ಪನವರ ಮಗಳು ಅಶ್ವಿನಿ ಎಂದರು. ನನಗೆ ಆಲ್ಬಮ್ ಕೆಳಗಿಡಲು ಆಗಲಿಲ್ಲ.

ಫೋನ್ ನಂಬರೂ ಅಲ್ಲೇ ಇತ್ತು. ಎರಡು ಸಲ ಒತ್ತಿ ಕಟ್ ಮಾಡಿದೆ. ನಾನು ಕೇಳಬೇಕಾದ್ದು ಅಮ್ಮನ ವಿಷಯ. ಅಮ್ಮನ ವಿಷಯ ಫೋನಿನಲ್ಲಿ ಮಾತಾಡಲು ಹೋದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ. ಬರೆದರೆ ಹೇಗೋ ಮುಗಿಸಬಲ್ಲೆ.

ನಾನು ಆರನೇ ತರಗತಿಯಲ್ಲಿದ್ದಾಗ ಅಮ್ಮ ಕಾಮಾಲೆಯಾಗಿ ತೀರಿಕೊಂಡದ್ದು ನಿನಗೆ ಗೊತ್ತು. ಅವಳ ಒಂದು ಫೋಟೋ ನಮ್ಮಲ್ಲಿಲ್ಲ. ರೇಷನ್ ಕಾರ್ಡಿಗೆಂದು ಮೂರೂ ಜನ ನಿಂತು ತೆಗೆಸಿದ್ದು ಒಂದೇ ಇತ್ತು, ಹಳೆಯ ಮನೆಯ ಗೋಡೆಯ ತೇವಕ್ಕೆ ಅಂಟಿಕೊಂಡು ಹೋಯಿತು. ಹೋದ ವರ್ಷ ಇಲ್ಲಿ ಮನೆ ಕಟ್ಟಿದೆವು. ಅಪ್ಪ ನನ್ನ ಜೊತೆಯಲ್ಲೇ ಇದ್ದಾರೆ. ನಡುಮನೆಯ ಗೋಡೆಯಲ್ಲಿ ಬುದ್ಧ, ಬಾಬಾಸಾಹೇಬರ ಚಿತ್ರ ಹಾಕಿದ ಮೇಲೆ ಪಕ್ಕದಲ್ಲಿ ಒಂದು ಮೊಳೆ ಹೊಡೆಸಿ ಹಾಗೇ ಬಿಟ್ಟಿದ್ದಾರೆ. ಒಂದು ದಿನ ಊಟ ಮಾಡುತ್ತಾ ಇದ್ದಕ್ಕಿದ್ದಂತೆ, "ಅವಳ ಮಕ ಮರ್ತೋಯ್ತಾ ಐತೆ ಕಣಮ್ಮ ನಂಗೆ" ಎಂದರು. ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ.

ನಾವು ಮೂರನೇ ತರಗತಿಯಲ್ಲಿದ್ದಾಗ ನಿಮ್ಮ ಚಿಕ್ಕತ್ತೆಯ ಮದುವೆ ನಿಮ್ಮ ಮನೆಯ ಮುಂದೆಯೇ ಆಯಿತಲ್ಲ. ದೊಡ್ಡ ಲೈಟು ಹಿಡಿದುಕೊಂಡು ವಿಡಿಯೋದವರು ಬಂದಿದ್ದರು. ಅಮ್ಮ ಮೂರು ದಿನ ಅಲ್ಲಿ ಗುಡಿಸಿ, ಕೊಪ್ಪರಿಗೆ ತಿಕ್ಕಿದ್ದಳು. ಯಾವುದಾದರೂ ಮೂಲೆಯಲ್ಲಿ ಅವಳು ಬಿದ್ದಿರಲೇಬೇಕು. ಆ ಕ್ಯಾಸೆಟ್ ಇದೆಯೇ? ಓಡುವ ವಿಡಿಯೋದಿಂದ ನಿಂತ ಚಿತ್ರ ತೆಗೆಯಬಹುದು ಎಂದು ಸಹನಾ ಹೇಳಿದರು. ಮುಖ ಗುರುತು ಸಿಕ್ಕಿದರೆ ಸಾಕು.

ಇಂತಿ ನಿನ್ನ
ಸಂಘಮಿತ್ರಾ


ಮಧುಗಿರಿ
೩೦ ಜನವರಿ ೨೦೨೪

ಮಿತ್ರಾ,

ನಿನ್ನ ಅಕ್ಷರ ಹಾಗೇ ಇದೆ, ದುಂಡಗೆ. ಲಕೋಟೆ ನೋಡಿಯೇ ಯಾರದೆಂದು ಗೊತ್ತಾಯಿತು. ನೀನು ಟೀಚರ್ ಆಗಿದ್ದೀಯ ಎಂದು ಅಮ್ಮನಿಗೆ ಹೇಳಿದೆ. "ಹನುಮಕ್ಕನ ಮಗಳಾ?" ಎಂದು ಎರಡು ಸಲ ಕೇಳಿದರು.

ಕ್ಯಾಸೆಟ್ ಸಿಕ್ಕಿತು. ಅಮ್ಮನ ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಇತ್ತು. ಅಂಚಿನಲ್ಲಿ ಬೂಷ್ಟು ಹಿಡಿದಿದೆ, ಟೇಪು ಗಟ್ಟಿಯಾಗಿದೆ. ಹಳೆಯ ಕ್ಯಾಸೆಟ್ ತಂದುಕೊಡುವವರು ಈಗಲೂ ಇರುವುದರಿಂದ ನಮ್ಮ ಯಜಮಾನರು ಒಂದು ವಿಸಿಆರ್ ಇಟ್ಟುಕೊಂಡಿದ್ದಾರೆ. ಅದರಿಂದ ತಂತಿ ಎಳೆದು ಕಂಪ್ಯೂಟರಿಗೆ ಕೊಟ್ಟು ಮೊದಲು ಇಡೀ ವಿಡಿಯೋ ತುಂಬಿಸಿಕೊಳ್ಳಬೇಕು. ವಿಸಿಆರನ್ನೇ ನಿಲ್ಲಿಸಿ ಚಿತ್ರ ತೆಗೆದರೆ ಗೆರೆ ಕುಣಿಯುತ್ತದೆ. ಕಂಪ್ಯೂಟರಿಗೆ ಬಂದ ಮೇಲೆ ಒಂದೊಂದೇ ಚಿತ್ರವಾಗಿ ಮುಂದೆ ಹೋಗಬಹುದು. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಬೇಕಾದದ್ದರ ಮೇಲೆ ನಿಲ್ಲಿಸಿ ಸೇವ್ ಮಾಡುವುದು, ಅಷ್ಟೇ ಕೆಲಸ. ಮಾತು ಒಂದೂ ಕೇಳಿಸುವುದಿಲ್ಲ. ಆಗಿನ ಪದ್ಧತಿಯಂತೆ ಎಲ್ಲದರ ಮೇಲೆ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ.

ಮೊದಲ ಅರ್ಧ ತುಂಬಿಸಿದ್ದೇನೆ. ನಿಮ್ಮಮ್ಮ ಎರಡು ಕಡೆ ಇದ್ದಾರೆ. ಆದರೆ ತೊಂದರೆ ಏನೆಂದರೆ, ಈ ಹಳೆಯ ವಿಡಿಯೋದಲ್ಲಿ ಅಲ್ಲಾಡುವವರ ಮುಖ ಬಾಚಣಿಗೆಯಲ್ಲಿ ಎಳೆದ ಹಾಗೆ ಸೀಳಿರುತ್ತದೆ. ಒಂದು ಕ್ಷಣ ಸುಮ್ಮನೆ ನಿಂತವರು ಮಾತ್ರ ಸ್ಪಷ್ಟ. ಮದುಮಗಳು ನಿಂತಿದ್ದಾಳೆ, ನೆಂಟರು ನಿಂತಿದ್ದಾರೆ. ನಿಮ್ಮಮ್ಮ ಎಲ್ಲಿ ನೋಡಿದರೂ ಓಡಾಡುತ್ತಿದ್ದಾರೆ. ಅರ್ಧ ಮುಖ ಮಾತ್ರ ಕಾಣುವ ಹಾಗೆ ಮಂಕರಿ ಹೊತ್ತುಕೊಂಡು ದಾಟಿಹೋಗುವುದು ಒಂದು, ಕೊಪ್ಪರಿಗೆ ತಿಕ್ಕುತ್ತಿರುವ ಬೆನ್ನು ಒಂದು. ಇವೆರಡನ್ನು ಪ್ರಿಂಟ್ ಹಾಕಿ ಕಳಿಸಿದ್ದೇನೆ. ಬೇಜಾರಾಗಬೇಡ, ಊಟದ ಭಾಗವೆಲ್ಲ ಇನ್ನೂ ಬಾಕಿ ಇದೆ. ಅಲ್ಲಿ ಖಂಡಿತ ಸಿಗುತ್ತಾರೆ.

ನನಗೂ ಈ ನೆಪದಲ್ಲಿ ಎಷ್ಟೋ ಜನರನ್ನು ನೋಡಿದ ಹಾಗಾಯಿತು. ನಾನು ಜರಿ ಲಂಗ ಹಾಕಿಕೊಂಡು ಕ್ಯಾಮರಾ ಹೋದಲ್ಲೆಲ್ಲ ಹಿಂದೆ ಹೋಗಿದ್ದೇನೆ.

ನಿನ್ನ
ಅಶ್ವಿನಿ


ಪಾವಗಡ
೯ ಫೆಬ್ರವರಿ ೨೦೨೪

ಪ್ರೀತಿಯ ಅಶ್ವಿನಿ,

ಚಿತ್ರಗಳು ತಲುಪಿದವು. ಬೆನ್ನಿನ ಚಿತ್ರವನ್ನು ಅಪ್ಪ ಕಿಟಕಿಯ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಒಂದು ಕಣ್ಣಿಗೆ ಪೊರೆ ಬಂದಿದೆ. ಸೀರೆ ಅವಳದೇ ಎಂದರು. ಆ ಸೀರೆಯನ್ನು ಅವರೇ ಹಿಂದೂಪುರದಿಂದ ತಂದಿದ್ದರಂತೆ. ಮುಖದ ಬಗ್ಗೆ ಏನೂ ಹೇಳಲಿಲ್ಲ. ಹೇಳಲು ಮುಖವೇ ಇರಲಿಲ್ಲ.

ಊಟದ ಭಾಗ ನೋಡಿದೆಯಾ? ನನಗೆ ಒಂದು ನೆನಪಿದೆ. ನೀನು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಎಲೆ ಹಾಕಿ ಆಗಿತ್ತು. ಆಮೇಲೆ ಏನೋ ಗಲಾಟೆಯಾಗಿ ಅಮ್ಮ ಹಿಂದಿನಿಂದ ಅಲ್ಲಿಗೆ ಬಂದಳು. ವಿಡಿಯೋದವರ ಲೈಟು ಅವಳ ಮುಖಕ್ಕೇ ಬಿದ್ದಿತ್ತು. ನೀನು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅದು ಎಷ್ಟು ಚೆನ್ನಾಗಿ ನೆನಪಿದೆ ಎಂದರೆ ನಿನ್ನ ಬಳೆ ಒತ್ತಿದ್ದು ಕೂಡ ಗೊತ್ತಾಗುತ್ತದೆ. ಹಾಸ್ಟೆಲಿನಲ್ಲಿದ್ದಾಗ ಯಾರಾದರೂ ನನ್ನನ್ನು ದೂರ ಕೂರಿಸಿದರೆ ಆ ಕೈಯನ್ನು ನೆನೆಸಿಕೊಳ್ಳುತ್ತಿದ್ದೆ. ಎಲ್ಲರೂ ಒಂದೇ ಥರ ಇರುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಆ ಜಾಗವನ್ನು ನೋಡು. ಅವಳು ಅಲ್ಲಿ ನಿಂತಿದ್ದಳು.

ಸಂಘಮಿತ್ರಾ


ಮಧುಗಿರಿ
೬ ಮಾರ್ಚ್ ೨೦೨೪

ಪ್ರಿಯ ಮಿತ್ರಾ,

ಉತ್ತರ ತಡವಾಯಿತು. ಮದುವೆಗಳ ಕಾಲ, ಒಂದರ ಮೇಲೊಂದು ಕೆಲಸ. ಕೊರಟಗೆರೆಯದು ಮುಗಿಯುವಷ್ಟರಲ್ಲಿ ಶಿರಾದ್ದು ಬಂತು.

ಕ್ಯಾಸೆಟ್ಟಿನ ಉಳಿದ ಭಾಗ ಹಾಳಾಗಿದೆ. ಊಟ ಶುರುವಾಗುವ ಹೊತ್ತಿಗೆ ಬಿಳಿ ಗೆರೆ ಬಂದು ಪೂರ್ತಿ ಮುಚ್ಚಿಕೊಳ್ಳುತ್ತದೆ. ಎರಡು ಮೂರು ಸಲ ಹಾಕಿ ನೋಡಿದೆ, ಏನೂ ಆಗಲಿಲ್ಲ. ತುಂಬ ಬೇಜಾರಾಯಿತು.

ಆದರೆ ನಿನ್ನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಉಪಾಯ ಮಾಡಿದ್ದೇನೆ. ಮಂಕರಿ ಹೊತ್ತ ಚಿತ್ರದಲ್ಲಿ ಅರ್ಧ ಮುಖ ಇತ್ತಲ್ಲ, ಅದನ್ನು ಒಂದು ಹೊಸ ಸಾಫ್ಟ್‌ವೇರಿಗೆ ಕೊಟ್ಟೆ. ಕಾಣದ ಅರ್ಧವನ್ನು ಅದೇ ಊಹಿಸಿ ತುಂಬುತ್ತದೆ. ಎಷ್ಟು ಚೆನ್ನಾಗಿ ಬಂದಿದೆ ನೋಡು. ಚೌಕಟ್ಟು ಹಾಕಿಸಿಯೇ ಬಸ್ಸಿನ ಪಾರ್ಸೆಲ್ಲಿಗೆ ಹಾಕಿದ್ದೇನೆ. ಅಪ್ಪನಿಗೆ ಕೊಡು. ಅವರಿಗೆ ಸಮಾಧಾನವಾದರೆ ನಮಗೆ ಅಷ್ಟೇ ಬೇಕು.

ಹಳೆಯದನ್ನೆಲ್ಲ ಬಹಳ ಕೆದಕಬೇಡ. ಚಿಕ್ಕವರಾಗಿದ್ದಾಗಿನ ನೆನಪು ಎಷ್ಟು ನಿಜವೋ ಎಷ್ಟು ಸುಳ್ಳೋ ಯಾರಿಗೆ ಗೊತ್ತು.

ಅಶ್ವಿನಿ


ಪಾವಗಡ
೨೪ ಮಾರ್ಚ್ ೨೦೨೪

ಅಶ್ವಿನಿಯವರಿಗೆ,

ನೀವು ಕಳಿಸಿದ ಚಿತ್ರವನ್ನು ಅಪ್ಪ ಅದೇ ದಿನ ಮೊಳೆಗೆ ಹಾಕಿದರು. ಪಕ್ಕದ ಮನೆಯ ರೆಡ್ಡಮ್ಮ ಬಂದು ನೋಡಿ, "ಚಾಲಾ ಬಾಗುಂದಿ, ಬಲು ಚೆನ್ನಾಗೈತೆ, ಎಷ್ಟು ಬೆಳ್ಳಗಿದ್ರಮ್ಮ ನಿಮ್ಮಮ್ಮ" ಎಂದರು. ನಮ್ಮಮ್ಮ ಬೆಳ್ಳಗಿರಲಿಲ್ಲ. ಬಲಗಡೆ ಹುಬ್ಬಿನ ಮೇಲೆ ಅವಳಿಗೆ ಒಂದು ಗಾಯದ ಗುರುತಿತ್ತು, ಸೌದೆ ಸೀಳುವಾಗ ಚಕ್ಕೆ ಹಾರಿ ಆದದ್ದು. ನಾನು ನಿದ್ದೆ ಬರುವವರೆಗೆ ಅದರ ಮೇಲೆ ಬೆರಳಾಡಿಸುತ್ತಿದ್ದೆ. ಈ ಚಿತ್ರದಲ್ಲಿ ಅದಿಲ್ಲ. ಮೂಗೂ ಅವಳದಲ್ಲ. ಈಕೆ ಯಾರೋ ನನಗೆ ಗೊತ್ತಿಲ್ಲ. ಈಕೆ ಎಲ್ಲೂ ಹುಟ್ಟಿದವಳಲ್ಲ.

ಅಪ್ಪ ದಿನಾ ಬೆಳಿಗ್ಗೆ ಅದಕ್ಕೆ ಕೈ ಮುಗಿಯುತ್ತಾರೆ. ಕಣ್ಣು ಮಂಜಾದ್ದರಿಂದ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದಾರೋ, ಕೇಳಲು ನನಗೆ ಧೈರ್ಯವಿಲ್ಲ. ಮರೆಯುತ್ತಿದ್ದೇನೆ ಎಂದು ಕೊರಗಿದವರಿಗೆ ಬೇರೊಬ್ಬಳ ಮುಖವನ್ನು ನೆನಪು ಮಾಡಿಸಿದ ಹಾಗಾಯಿತು. ಇದರಲ್ಲಿ ನನ್ನ ಪಾಲೂ ಇದೆ, ಮೊಳೆಗೆ ಹಾಕಲು ಬಿಟ್ಟವಳು ನಾನೇ.

ಶಿರಾದಲ್ಲಿ ರಂಗೇಶ್ ಎನ್ನುವವರು ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಬಿಚ್ಚಿ ಒರೆಸಿ ಸರಿಮಾಡುತ್ತಾರೆಂದು ಗೊತ್ತಾಯಿತು. ಬಿಳಿ ಗೆರೆ ಬಹಳ ಸಲ ಹೋಗುತ್ತದಂತೆ. ದಯವಿಟ್ಟು ಕ್ಯಾಸೆಟ್ಟನ್ನೇ ಕಳಿಸಿಕೊಡಿ. ನೋಡಿ ಜೋಪಾನವಾಗಿ ಹಿಂದಿರುಗಿಸುತ್ತೇನೆ. ಅದು ನಿಮ್ಮ ಮನೆಯ ಮದುವೆಯದೆಂದು ನನಗೆ ತಿಳಿದಿದೆ. ಅದರಲ್ಲಿ ನಮ್ಮಮ್ಮನೂ ಇದ್ದಾಳೆಂಬುದಷ್ಟೇ ನನ್ನ ಹಕ್ಕು.

ಸಂಘಮಿತ್ರಾ ಪಿ.


ಮಧುಗಿರಿ
೫ ಏಪ್ರಿಲ್ ೨೦೨೪

ಮಿತ್ರಾ,

ಕ್ಯಾಸೆಟ್ ಈಗ ಇಲ್ಲ. ಅಪ್ಪ ಬಂದು ತೆಗೆದುಕೊಂಡು ಹೋದರು. ಯಾಕೆ ಎಂದು ಕೇಳಬೇಡ. ನನ್ನನ್ನು ಕ್ಷಮಿಸು. ಆ ಚಿತ್ರವನ್ನು ಗೋಡೆಯಿಂದ ತೆಗೆದುಬಿಡು.

ಅಶ್ವಿನಿ


ಪಾವಗಡ
೧೨ ಏಪ್ರಿಲ್ ೨೦೨೪

ಪತ್ರ ತಲುಪಿತು. ಚಿತ್ರ ಗೋಡೆಯಲ್ಲೇ ಇದೆ. ತೆಗೆಯಬೇಕಾದರೆ ಅಪ್ಪನಿಗೆ ಕಾರಣ ಹೇಳಬೇಕು. ಏನೆಂದು ಹೇಳಲಿ?

ಸಂಘಮಿತ್ರಾ


ಮಧುಗಿರಿ
೧೯ ಮೇ ೨೦೨೪

ಮಿತ್ರಾ,

ಐದು ವಾರ ನಿನ್ನ ಒಂದು ಸಾಲನ್ನು ಎದುರಿಗಿಟ್ಟುಕೊಂಡು ಕೂತಿದ್ದೇನೆ. ಈಗ ಎಲ್ಲವನ್ನೂ ಬರೆಯುತ್ತೇನೆ. ಮಧ್ಯದಲ್ಲಿ ನಿಲ್ಲಿಸದೆ ಓದು.

ಕ್ಯಾಸೆಟ್ ಹಾಳಾಗಿರಲಿಲ್ಲ. ಊಟದ ಭಾಗದಲ್ಲಿ ಒಂದು ಗೆರೆಯೂ ಇಲ್ಲ. ನಿನ್ನ ಫೆಬ್ರವರಿಯ ಪತ್ರ ಬರುವುದಕ್ಕೆ ಎರಡು ದಿನ ಮೊದಲೇ ನಾನು ಅದನ್ನು ನೋಡಿದ್ದೆ.

ಮಕ್ಕಳ ಸಾಲಿನಲ್ಲಿ ನಾನೂ ನೀನೂ ಕೂತಿದ್ದೇವೆ. ನಿನ್ನದು ಹಸಿರು ಫ್ರಾಕು. ಏನೋ ಹೇಳಿಕೊಂಡು ನಗುತ್ತಿದ್ದೇವೆ, ನನ್ನ ಕೈ ನಿನ್ನ ಕೈ ಮೇಲಿದೆ. ಅಪ್ಪ ಬಡಿಸುವವರ ಹಿಂದಿನಿಂದ ಬರುತ್ತಾರೆ. ನಿನ್ನನ್ನು ನೋಡುತ್ತಾರೆ. ನನ್ನ ಕಡೆ ತಿರುಗಿ ಏನೋ ಕೇಳುತ್ತಾರೆ. ಹಾಡಿನಲ್ಲಿ ಮಾತು ಮುಚ್ಚಿಹೋಗಿದೆ, ಆದರೆ ಏನು ಕೇಳಿರಬಹುದೆಂದು ತಿಳಿಯುವುದಿಲ್ಲವೇ. ಕರೆದವರು ಯಾರು ಎಂದು.

ಮಿತ್ರಾ, ನಾನು ನಿನ್ನ ಕೈ ಹಿಡಿದುಕೊಳ್ಳಲಿಲ್ಲ. ಅಪ್ಪ ಕೇಳಿದ ಕೂಡಲೇ ನನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ನಾನಲ್ಲ ಎಂದು ತಲೆ ಅಲ್ಲಾಡಿಸಿದೆ. ಆಮೇಲೆ ನನ್ನ ಎಲೆಯನ್ನು ನಿನ್ನಿಂದ ಒಂದು ಗೇಣು ಈಚೆಗೆ ಎಳೆದುಕೊಂಡೆ. ಒಂದೊಂದೇ ಚಿತ್ರವಾಗಿ ನೋಡಿದೆ. ಬೇರೆ ಅರ್ಥ ಬರುತ್ತದೇನೋ ಎಂದು ಹಿಂದಕ್ಕೂ ಓಡಿಸಿ ನೋಡಿದೆ. ಬರಲಿಲ್ಲ.

ಅಪ್ಪ ನಿನ್ನ ರಟ್ಟೆ ಹಿಡಿದು ಎಬ್ಬಿಸುತ್ತಾರೆ. ಅಷ್ಟರಲ್ಲಿ ನಿಮ್ಮಮ್ಮ ಬರುತ್ತಾರೆ. ಕೈ ತುಂಬ ಬೂದಿ. ಚಪ್ಪರದ ಒಳಗೆ, ಜಮಖಾನದ ಮೇಲೆ, ನೇರವಾಗಿ ಬಂದು ಅಪ್ಪನ ಎದುರಿಗೆ ನಿಲ್ಲುತ್ತಾರೆ. ಆರು ಸೆಕೆಂಡು. ಅವರು ಆ ಇಡೀ ಮದುವೆಯಲ್ಲಿ ಸುಮ್ಮನೆ ನಿಂತದ್ದು ಅದೊಂದೇ ಸಲ. ಆದ್ದರಿಂದಲೇ ಮುಖ ಅಷ್ಟು ಸ್ಪಷ್ಟವಾಗಿ ಬಂದಿದೆ. ಹುಬ್ಬಿನ ಮೇಲಿನ ಗುರುತೂ ಇದೆ. ತುಟಿ ಸ್ವಲ್ಪವೇ ಅಲ್ಲಾಡುತ್ತದೆ. ಏನೋ ಒಂದು ಮಾತು ಹೇಳುತ್ತಾರೆ. ಅಪ್ಪ ಕೈ ಬಿಡುತ್ತಾರೆ. ಅವರು ನಿನ್ನನ್ನು ಕರೆದುಕೊಂಡು ತಿರುಗುವಾಗ ಕ್ಯಾಮರಾವನ್ನು ಒಂದು ಸಲ ನೋಡುತ್ತಾರೆ. ಆಮೇಲೆ ವಿಡಿಯೋದವನಿಗೆ ಯಾರೋ ಹೇಳಿರಬೇಕು, ಚಿತ್ರ ಪಾಯಸದ ಬಕೆಟ್ಟಿಗೆ ಹಾರುತ್ತದೆ.

ಮೊದಲು ನೋಡಿದಾಗ ಇದನ್ನು ಹೇಗೆ ಮಗಳಿಗೆ ಕಳಿಸಲಿ, ಅವಮಾನದ ಚಿತ್ರ, ಎಂದುಕೊಂಡೆ. ನಿನ್ನ ಒಳ್ಳೆಯದಕ್ಕೇ ಮುಚ್ಚಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ನಿನ್ನ ಪತ್ರ ಬಂತು. ಬಳೆ ಒತ್ತಿದ್ದು ನೆನಪಿದೆ ಎಂದು ಬರೆದಿದ್ದೆ. ಅದನ್ನು ಓದಿದ ಮೇಲೆ ನಾನು ಮುಚ್ಚಿಟ್ಟದ್ದು ನನಗೋಸ್ಕರ.

ನಮ್ಮ ಯಜಮಾನರೂ ನೋಡಿದರು. ಅವರು ಅಪ್ಪನಿಗೆ ಹೇಳಿದರು. ನಮ್ಮ ಕೆಲಸವೆಲ್ಲ ನಮ್ಮ ಜನರ ಮದುವೆಗಳಿಂದಲೇ ನಡೆಯುವುದು, ಇದು ಹೊರಗೆ ಹೋದರೆ ಯಾರೂ ಕರೆಯುವುದಿಲ್ಲ ಎಂಬ ಭಯ ಅವರದು. ಅಪ್ಪ ಮಾರ್ಚ್ ಕೊನೆಯಲ್ಲಿ ಸ್ಟುಡಿಯೋಗೆ ಬಂದರು. ಈಗ ಅವರು ಹಾಲಿನ ಡೇರಿಯ ಅಧ್ಯಕ್ಷರು. ಕುರ್ಚಿಯಲ್ಲಿ ಕೂತರು. ಆಮೇಲೆ ಹೇಳಿದರು: "ಅದು ಆಗಿನ ಕಾಲ ಕಣಮ್ಮ. ಈಗ ಅವ್ರೂ ನಮ್ಮನೇಗೆ ಬತ್ತಾರೆ, ಕಾಫಿ ಕುಡೀತಾರೆ. ಇದು ಫೋನಿಗೆ ಹೋಗ್ಬುಟ್ರೆ ನಾನು ಬೀದೀಲಿ ತಿರುಗಾಡಂಗಿಲ್ಲ." ನನಗೆ ಅವರನ್ನು ನೋಡಿ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು. ಕ್ಯಾಸೆಟ್ ಕೊಟ್ಟುಬಿಟ್ಟೆ. ಕಂಪ್ಯೂಟರಿನಲ್ಲಿ ಇದೆಯಾ ಎಂದು ಕೇಳಿದರು. ಇದ್ದರೂ ಇಲ್ಲ ಎಂದೆ. ಮನೆಗೆ ಹೋಗಿ ನೀರೊಲೆಗೆ ಹಾಕಿದರಂತೆ.

ಒಲೆಯ ಮುಂದೆ ಇದ್ದವರು ಅಮ್ಮ. ನಾನು ಊರಿಗೆ ಹೋದಾಗ ತಾವಾಗಿಯೇ ಹೇಳಿದರು. "ಹನುಮಕ್ಕ ಅವತ್ತು ತಲೆ ಬಗ್ಗಿಸ್ಲಿಲ್ಲ ಕಣೆ. ನಾನು ಕಂಬದ ಹಿಂದೆ ನಿಂತು ನೋಡ್ತಾ ಇದ್ದೆ. ನಾನೂ ಒಂದ್ ಮಾತಾಡಬೌದಿತ್ತು." ಮನೆಗೆ ಬಂದು ಮತ್ತೆ ವಿಡಿಯೋ ನೋಡಿದೆ. ಕಂಬದ ಪಕ್ಕದಲ್ಲಿ ಅಮ್ಮನ ಸೆರಗಿನ ಅಂಚು ಕಾಣುತ್ತದೆ. ಆಮೇಲೆ ನಿಮ್ಮಮ್ಮನ ಮುಖವನ್ನು ನೋಡಿದೆ, ನಿಧಾನವಾಗಿ. ಅವಮಾನ ಅವರ ಮುಖದಲ್ಲಿ ಇರಲಿಲ್ಲ ಮಿತ್ರಾ. ಅದು ಇದ್ದದ್ದು ಉಳಿದ ನಮ್ಮೆಲ್ಲರ ಮುಖದಲ್ಲಿ.

ಇದರ ಜೊತೆ ಒಂದು ಪೆನ್‌ಡ್ರೈವ್ ಇದೆ, ಊಟದ ಭಾಗ ಪೂರ್ತಿಯಾಗಿ. ಎರಡು ಪ್ರಿಂಟ್ ಇವೆ. ಒಂದರಲ್ಲಿ ನಿಮ್ಮಮ್ಮನ ಮುಖ ಮಾತ್ರ. ಇನ್ನೊಂದು ಕತ್ತರಿಸದ ಚಿತ್ರ, ಅಪ್ಪನ ಕೈ, ನಿನ್ನ ರಟ್ಟೆ, ನನ್ನ ಎಲೆ ಎಲ್ಲವೂ ಇರುವುದು. ಯಾವುದಕ್ಕೂ ಬಣ್ಣ ಹಚ್ಚಿಲ್ಲ, ಏನನ್ನೂ ಸರಿಪಡಿಸಿಲ್ಲ.

ನಿನ್ನೆ ಊರಿಗೆ ಹೋಗಿ ಅಪ್ಪನಿಗೆ ಹೇಳಿ ಬಂದೆ, ಕಂಪ್ಯೂಟರಿನಲ್ಲಿ ಇತ್ತು, ಅವಳಿಗೆ ಕಳಿಸುತ್ತಿದ್ದೇನೆ ಎಂದು. ಅವರು ನನ್ನ ಮುಖ ನೋಡಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಡೇರಿಗೆ ಹೋದರು. ನಮ್ಮ ಯಜಮಾನರೂ ನಾಲ್ಕು ದಿನದಿಂದ ಮಾತು ಬಿಟ್ಟಿದ್ದಾರೆ.

ಉತ್ತರ ಬರೆಯಲೇಬೇಕೆಂದಿಲ್ಲ.

ಅಶ್ವಿನಿ


ಪಾವಗಡ
೨ ಜೂನ್ ೨೦೨೪

ಅಶ್ವಿನಿ,

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಏನೋ ಗಲಾಟೆಯಾಯಿತು ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ನನಗೆ ಎಲ್ಲವೂ ನೆನಪಿತ್ತು. ಮೊದಲ ಪತ್ರ ಬರೆಯುವಾಗಲೇ ಗೊತ್ತಿತ್ತು, ಅಮ್ಮನ ಮುಖಕ್ಕೆ ಬೆಳಕು ಬಿದ್ದದ್ದು ಅದೊಂದೇ ಸಲ ಎಂದು. ಹಾಗೆಂದು ಬರೆದರೆ ನೀನು ಕ್ಯಾಸೆಟ್ಟನ್ನು ಹುಡುಕುವುದೇ ಇಲ್ಲ ಎಂದು ಹೆದರಿ ಮದುವೆ, ಲೈಟು, ಕೊಪ್ಪರಿಗೆ ಎಂದೆಲ್ಲ ಸುತ್ತಿ ಬರೆದೆ.

ನಿನ್ನ ವಿಡಿಯೋದಲ್ಲಿ ಹಾಡು ಮುಚ್ಚಿದ ಮಾತು ನನ್ನ ಹತ್ತಿರ ಇದೆ. ಅಮ್ಮ ಜೋರು ಮಾಡಲಿಲ್ಲ. "ನನ್ನ ಮಗಳ ಕೈ ಬುಡಿ ಯಜಮಾನ್ರೆ. ಅವಳು ಕರೆದಲ್ಲಿಗೆ ಬಂದವ್ಳೆ, ಕದಿಯಾಕೆ ಬಂದಿಲ್ಲ." ಇಷ್ಟೇ. ಅರ್ಧ ತಿಕ್ಕಿದ ಕೊಪ್ಪರಿಗೆಯನ್ನು ಅಲ್ಲೇ ಬಿಟ್ಟು ನನ್ನನ್ನು ಕರೆದುಕೊಂಡು ಮನೆಗೆ ನಡೆದಳು. ದಾರಿಯಲ್ಲಿ ನಾನು ಅಳುತ್ತಿದ್ದೆ. ಅಪ್ಪನಿಗೆ ಏನೂ ಹೇಳಬೇಡ ಎಂದಳು. ಹೇಳಿದರೆ ಅವರು ಅಲ್ಲಿಗೆ ಹೋಗುತ್ತಾರೆ, ಹೋದರೆ ಹೊಡೆದಾಟವಾಗುತ್ತದೆ ಎಂದು ಅವಳಿಗೆ ಭಯ. ನಾನು ಹೇಳಲಿಲ್ಲ. ಇಪ್ಪತ್ತಮೂರು ವರ್ಷ ಹೇಳಲಿಲ್ಲ.

ನೀನು ಕಳಿಸಿದ್ದು ಬಂದ ದಿನ ಶಾಲೆಗೆ ರಜೆ ಹಾಕಿದೆ. ವಿಡಿಯೋವನ್ನು ಮೊದಲು ಒಬ್ಬಳೇ ನೋಡಿದೆ. ನಿನ್ನ ಕೈ ಹಿಂದಕ್ಕೆ ಹೋಗುವುದನ್ನು ನೋಡಿದೆ. ಅದು ಏನೂ ಅಲ್ಲ ಎಂದು ನಾನು ಬರೆಯಲಾರೆ. ಬಳೆ ಒತ್ತಿದ್ದು ನಿಜವೇ ಇರಬೇಕು, ಅದಕ್ಕೆ ಸ್ವಲ್ಪ ಮೊದಲು, ನಾವು ನಗುತ್ತಿದ್ದಾಗ. ಆಮೇಲೆ ನಾನು ಅದನ್ನು ನನಗೆ ಬೇಕಾದ ಜಾಗಕ್ಕೆ ತಂದು ಇಟ್ಟುಕೊಂಡಿದ್ದೆನೇನೋ. ಎಂಟು ವರ್ಷದ ನಿನ್ನನ್ನು ನಾನು ಬೈಯಲಾರೆ. ಮಾರ್ಚ್ ತಿಂಗಳಲ್ಲಿ ಆ ಬೆಳ್ಳಗಿನ ಹೆಂಗಸಿಗೆ ಚೌಕಟ್ಟು ಹಾಕಿಸಿ ಕಳಿಸಿದ ನಿನ್ನನ್ನು ಬೈಯುತ್ತೇನೆ. ನಮ್ಮಪ್ಪ ಎರಡು ತಿಂಗಳು ಅವಳಿಗೆ ಕೈ ಮುಗಿದರು.

ಮಧ್ಯಾಹ್ನ ಅಪ್ಪನಿಗೆ ಮುಖದ ಚಿತ್ರ ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದರು. ಹುಬ್ಬಿನ ಮೇಲೆ ಹೆಬ್ಬೆರಳಿಟ್ಟು, "ಇವಳು" ಎಂದರು. ಗೋಡೆಯಲ್ಲಿದ್ದದ್ದನ್ನು ತಾವೇ ಇಳಿಸಿದರು. ನಾನು ಏನೂ ಹೇಳದೆಯೇ, ಅದು ಅವಳಲ್ಲ ಎಂದು ಗೊತ್ತಿತ್ತು, ನೀನು ಅಷ್ಟು ಕಷ್ಟಪಟ್ಟು ತರಿಸಿದ್ದೀಯಲ್ಲ ಎಂದು ಸುಮ್ಮನಿದ್ದೆ ಎಂದರು. ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿ ಒಂದು ಸುಳ್ಳನ್ನು ಪೂಜೆ ಮಾಡಿದ್ದೆವು.

ಆಮೇಲೆ ಇನ್ನೊಂದು ಚಿತ್ರವನ್ನೂ ಕೊಟ್ಟೆ. ಕೈ ಯಾರದು ಎಂದು ಕೇಳಿದರು. ಹೇಳಿದೆ. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಆ ಮದುವೆಯ ಸಮಯದಲ್ಲಿ ಹಿಂದೂಪುರದಲ್ಲಿ ಇಟ್ಟಿಗೆ ಗೂಡಿನ ಕೆಲಸದಲ್ಲಿದ್ದರು. ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿ ಕೂತರು. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ನಿಮ್ಮಪ್ಪನ ಹೆಸರನ್ನು ಎತ್ತಲೇ ಇಲ್ಲ. "ಅದಕ್ಕೇನಾ ಆಮ್ಯಾಕೆ ಆ ಮನೇಗೆ ಕೆಲಸಕ್ಕೆ ಹೋಗ್ದೇ ಇದ್ದದ್ದು" ಎಂದರು. ಆ ವರ್ಷ ಮನೆಯಲ್ಲಿ ಕಷ್ಟವಿತ್ತು. ಬಂದ ಕೆಲಸವನ್ನು ಬಿಡುತ್ತೀಯಲ್ಲ, ಸೊಕ್ಕು ನಿನಗೆ ಎಂದು ಅಪ್ಪ ಅವಳನ್ನು ದಿನಾ ಬೈಯುತ್ತಿದ್ದರು. ಒಂದು ಸಲ ಕೈಯನ್ನೂ ಎತ್ತಿದ್ದರು, ನಾನು ನೋಡಿದ್ದೇನೆ. ಅಮ್ಮ ಎಲ್ಲವನ್ನೂ ಅನ್ನಿಸಿಕೊಂಡಳು, ಬಾಯಿ ಬಿಡಲಿಲ್ಲ. ಮೂರು ವರ್ಷದಲ್ಲಿ ಹೋಗಿಯೂ ಬಿಟ್ಟಳು.

ಯಾವ ಚಿತ್ರ ಹಾಕೋಣ ಎಂದು ಕೇಳಿದೆ. ಕತ್ತರಿಸದ್ದನ್ನೇ ಹಾಕಬೇಕು, ಬಂದವರೆಲ್ಲ ನೋಡಬೇಕು ಎಂದು ನನಗಿತ್ತು. ಅಪ್ಪ ಒಪ್ಪಲಿಲ್ಲ. "ಆ ಕೈ ನಮ್ಮ ಗ್ವಾಡೆ ಮ್ಯಾಲೆ ಬ್ಯಾಡ. ಅವಳೊಬ್ಬಳೇ ಇರ್ಲಿ" ಎಂದರು. ಹಾಗೇ ಮಾಡಿದೆವು.

ಇನ್ನೊಂದು ಚಿತ್ರವೂ ಪೆನ್‌ಡ್ರೈವೂ ನನ್ನ ಬೀರುವಿನಲ್ಲಿವೆ. ನಿಮ್ಮಪ್ಪನಿಗೆ ಹೇಳು, ಅದನ್ನು ನಾನು ಯಾರಿಗೂ ಕಳಿಸಿಲ್ಲ. ಕಳಿಸುವುದಿಲ್ಲ ಎಂದು ಮಾತನ್ನೂ ಕೊಡುವುದಿಲ್ಲ. ಅವರಿಗೆ ಏನಾದರೂ ಹೇಳಬೇಕೆನ್ನಿಸಿದರೆ ನನಗೆ ಹೇಳುವುದು ಬೇಡ, ಅಪ್ಪನ ಹತ್ತಿರ ಬಂದು ಹೇಳಲಿ. ನಿನ್ನನ್ನು ಈಗಲೇ ಬಾ ಎಂದು ಕರೆಯಲು ನನ್ನಿಂದಾಗದು. ನೀನು ಗಂಡನ ಮಾತನ್ನೂ ತವರನ್ನೂ ಪಣಕ್ಕಿಟ್ಟು ಇದನ್ನು ಕಳಿಸಿದ್ದೀಯ ಎಂಬುದು ನನಗೆ ಗೊತ್ತಿದೆ. ಅದನ್ನು ಮರೆಯುವುದಿಲ್ಲ. ಇನ್ನೊಂದನ್ನೂ ಮರೆಯಲಾಗುತ್ತಿಲ್ಲ.

ಈ ಪತ್ರ ಬರೆಯಲು ಕೂರುವ ಮೊದಲು ನಡುಮನೆಗೆ ಹೋದೆ. ಅಪ್ಪ ಅಮ್ಮನ ಚಿತ್ರದ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದರು. ಕೈ ಮುಗಿದಿರಲಿಲ್ಲ. ಜೊತೆಯಲ್ಲಿ ಊಟಕ್ಕೆ ಕೂತವರ ಹತ್ತಿರ ಮಾತಾಡುವ ಹಾಗೆ ಕೇಳುತ್ತಿದ್ದರು: "ನಂಗೊಂದ್ ಮಾತು ಹೇಳ್ಬಾರ್ದಾಗಿತ್ತೇನೆ?"

ಕೇಳಿ ಸುಮ್ಮನೆ ಕಾಯುತ್ತಿದ್ದರು. ನಾನು ಒಳಗೆ ಹೋಗಲಿಲ್ಲ.

ಸಂಘಮಿತ್ರಾ